ಸಣ್ಣ ಸಂಸ್ಥೆಯಲ್ಲಿ ಕಂಪ್ಯೂಟರ್ ಬಲ್ಲ ಒಬ್ಬರೇ ಒಬ್ಬರು ಬಿಟ್ಟು ಹೋದರೆ ಏನು ಮಾಡುವುದು?

ಶರಣು. ಬೀದರ್‌ನಲ್ಲಿ ಆರು ಜನರ ಸೇವಾ ಸಂಸ್ಥೆ ನಡೆಸುತ್ತಿದ್ದೀರಿ. ಲೆಕ್ಕಪತ್ರ, ಇ-ಮೇಲ್, ದಾನಿಗಳ ಪಟ್ಟಿ ಎಲ್ಲವೂ ಒಬ್ಬ ಹೆಣ್ಣುಮಗಳ ಕೈಯಲ್ಲಿವೆ. ಅವರು ಬಿಟ್ಟರೆ ಅಥವಾ ಕಂಪ್ಯೂಟರ್ ಕೆಟ್ಟರೆ ಗತಿಯೇನು, ದೊಡ್ಡ ಸಂಸ್ಥೆಗಳಂತೆ ಯೋಜನೆ ಬರೆಸಲು ನಮ್ಮಲ್ಲಿ ಹಣವೂ ಇಲ್ಲ, ಪುರುಸೊತ್ತೂ ಇಲ್ಲ ಎಂದು ಕೇಳಿದ್ದೀರಿ. ನಾನು ಯಾದಗಿರಿ ಜಿಲ್ಲೆಯಲ್ಲಿ ಗುಳೆ ಹೋಗುವ ಕುಟುಂಬಗಳ ಮಕ್ಕಳಿಗೆ ಸಂಜೆ ಪಾಠ ಹೇಳುವ ಸಣ್ಣ ಸಂಸ್ಥೆಯೊಂದರ ಕಾರ್ಯದರ್ಶಿ. ನಾವು ಎಂಟು ಜನ. ನೀವು ಹೆದರುತ್ತಿರುವ ದಿನ ನಮ್ಮಲ್ಲಿ ಬಂದು ಹೋಗಿದೆ.

ದಾನಿಗಳಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗುವಂತೆ ಮಾಡುವ 80ಜಿ ಅನುಮೋದನೆ ಇರುವ ಸಂಸ್ಥೆಗಳು ಹಿಂದಿನ ಆರ್ಥಿಕ ವರ್ಷದ ದಾನಗಳ ವಿವರವನ್ನು 10ಬಿಡಿ ನಮೂನೆಯಲ್ಲಿ ಮೇ 31ರೊಳಗೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಸಲ್ಲಿಸಬೇಕು ಎಂಬುದು ನಿಮಗೆ ಗೊತ್ತಿರುತ್ತದೆ. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಅದು ಹೋಗಲಿ, ಆ ವಿವರ ಸಲ್ಲಿಸದಿದ್ದರೆ ದಾನಿಗಳಿಗೆ ಕೊಡಬೇಕಾದ 10ಬಿಇ ಪ್ರಮಾಣಪತ್ರವೇ ಸಿಗುವುದಿಲ್ಲ. ನಮ್ಮ ದಾನಿಗಳಲ್ಲಿ ಹೆಚ್ಚಿನವರು ನಿವೃತ್ತ ಶಿಕ್ಷಕರು, ಪಿಂಚಣಿಯಲ್ಲಿ ಸಾವಿರ, ಎರಡು ಸಾವಿರ ತೆಗೆದು ಕೊಡುವವರು. ಮೇ ಕೊನೆಯ ವಾರ ಪೋರ್ಟಲ್ ತೆರೆಯಲು ಕುಳಿತಾಗ ಪಾಸ್‌ವರ್ಡ್ ಯಾರಿಗೂ ನೆನಪಿರಲಿಲ್ಲ. ಹೊಸ ಪಾಸ್‌ವರ್ಡ್‌ಗೆ ಬರಬೇಕಾದ ಒಟಿಪಿ, ಹಿಂದೆ ಕಂಪ್ಯೂಟರ್ ಕೆಲಸ ನೋಡುತ್ತಿದ್ದ ಹುಡುಗನ ಹಳೆಯ ಮೊಬೈಲ್‌ಗೆ ಹೋಗುತ್ತಿತ್ತು. ಅವನಿಗೆ ಸರ್ಕಾರಿ ನೌಕರಿ ಸಿಕ್ಕಿ ವರ್ಷ ದಾಟಿತ್ತು, ಸಿಮ್ ಬದಲಾಗಿತ್ತು. 90 ದಿನ ಬಳಸದೆ ಬಿಟ್ಟ ಪ್ರೀಪೇಯ್ಡ್ ಸಂಖ್ಯೆ ರದ್ದಾಗಿ ಮುಂದೊಂದು ದಿನ ಬೇರೆಯವರ ಪಾಲಾಗಬಹುದು. ನಾನು ಆ ಸಂಖ್ಯೆಗೆ ಕರೆ ಮಾಡಿದಾಗ ಎತ್ತಿದವರು ದಾವಣಗೆರೆಯ ಒಬ್ಬ ಅಪರಿಚಿತರು. ಪೆನ್‌ಡ್ರೈವ್‌ನಂಥ ಟೋಕನ್‌ನಲ್ಲಿದ್ದ ನನ್ನ ಡಿಜಿಟಲ್ ಸಹಿಯ ಅವಧಿ ಇನ್ನೂ ಮುಗಿದಿರಲಿಲ್ಲ ಎಂಬ ಒಂದೇ ಕಾರಣಕ್ಕೆ ಪಾಸ್‌ವರ್ಡ್ ಬದಲಿಸಲು ಸಾಧ್ಯವಾಯಿತು. ಮೇ 31ರ ರಾತ್ರಿ ವಿವರ ಸಲ್ಲಿಸಿದೆವು.

ಆ ವಾರ ನಮ್ಮ ಕಂಪ್ಯೂಟರ್ ಚೆನ್ನಾಗಿಯೇ ಇತ್ತು, ಕರೆಂಟೂ ಇತ್ತು. ಆ ಹುಡುಗ ಕೂಡ ಕರೆದ ತಕ್ಷಣ ಮಾತನಾಡಿದ, ಕಣ್ಣೀರು ಹಾಕಿದ. ತಪ್ಪು ನನ್ನದು. ಸಂಸ್ಥೆಯ ಬೀಗದ ಕೈಯನ್ನು ಒಬ್ಬರ ಜೇಬಿನಲ್ಲಿಟ್ಟು ವರ್ಷಗಟ್ಟಲೆ ಮರೆತಿದ್ದೆ.

ಆದ್ದರಿಂದ ಮೊದಲು ಸಿಮ್ ವಿಷಯ. ಕಾರ್ಯದರ್ಶಿಯ ಹೆಸರಿನಲ್ಲಿ ಬೇರೆಯೇ ಒಂದು ಸಿಮ್ ತೆಗೆದುಕೊಂಡು, ಅಗ್ಗದ ಬಟನ್ ಮೊಬೈಲ್‌ಗೆ ಹಾಕಿ ಕಚೇರಿಯ ಅಲಮಾರಿಯಲ್ಲಿ ಇಡಿ. ಆದಾಯ ತೆರಿಗೆ, ಬ್ಯಾಂಕ್, ಸೇವಾ ಸಂಸ್ಥೆಗಳು ನೋಂದಾಯಿಸಿಕೊಳ್ಳುವ ದರ್ಪಣ್ ಪೋರ್ಟಲ್, ಇ-ಮೇಲ್ ಎಲ್ಲಕ್ಕೂ ಅದೇ ಸಂಖ್ಯೆ ಇರಲಿ. ರೀಚಾರ್ಜ್ ದಿನಾಂಕವನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಬರೆಯಿರಿ. ಇ-ಮೇಲ್ ಕೂಡ ಸಂಸ್ಥೆಯದೇ ಆಗಿರಬೇಕು. ಸಿಬ್ಬಂದಿಯ ಸ್ವಂತ ಗೂಗಲ್ ಖಾತೆಯಲ್ಲಿ ಮಾಡಿದ ಕಡತಗಳು ಆ ಖಾತೆಗೇ ಸೇರಿದವು, ಎರಡು ವರ್ಷ ಬಳಸದ ಖಾತೆಯನ್ನು ಗೂಗಲ್ ಅಳಿಸಿಬಿಡಬಹುದು. ಬ್ಯಾಂಕ್ ಸಹಿಗೆ ಮೂವರಲ್ಲಿ ಯಾರಾದರೂ ಇಬ್ಬರು ಎಂದು ಠರಾವು ಮಾಡಿ. ಬೇಸಿಗೆಯ ಒಂದು ಮಾತನ್ನೂ ಹೇಳಿಬಿಡುತ್ತೇನೆ: ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬಿಸಿಲಿನ ಕಾರಣ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ನಡೆಯುವುದು ವಾಡಿಕೆ. ಕೊನೆಯ ದಿನದ ಕೆಲಸವನ್ನು ಮಧ್ಯಾಹ್ನಕ್ಕೆ ಬಿಟ್ಟುಕೊಳ್ಳಬೇಡಿ.

ಐವತ್ತು ಪುಟದ ಯೋಜನೆ ನಿಮಗೆ ಬೇಡವೇ ಬೇಡ. ನಮ್ಮದು ಉದ್ದನೆಯ ಒಂದು ನೋಟ್‌ಬುಕ್. ಕೆಲಸಕ್ಕೆ ಒಂದು ಪುಟ: ಏನು, ಯಾವ ತಾರೀಕಿನೊಳಗೆ, ಯಾವ ಪೋರ್ಟಲ್, ಸಹಿ ಯಾರದು, ಈ ಕೆಲಸ ಬಲ್ಲ ಎರಡನೆಯವರು ಯಾರು. ಪಾಸ್‌ವರ್ಡ್‌ಗಳು ಅದರಲ್ಲಿಲ್ಲ. ಅವು ಮುಚ್ಚಿದ ಎರಡು ಲಕೋಟೆಗಳಲ್ಲಿವೆ, ಒಂದು ಅಲಮಾರಿಯಲ್ಲಿ, ಇನ್ನೊಂದು ಖಜಾಂಚಿಯವರ ಮನೆಯಲ್ಲಿ. ಆದರೆ ಬರೆದಿಟ್ಟ ಮಾತ್ರಕ್ಕೆ ಕೆಲಸ ಬರುವುದಿಲ್ಲ. ತಿಂಗಳಿಗೊಮ್ಮೆ ಒಂದು ಕೆಲಸವನ್ನು ಎರಡನೆಯವರು ನೋಟ್‌ಬುಕ್ ನೋಡಿಯೇ ಮಾಡುತ್ತಾರೆ. ಮೊದಲನೆಯವರು ಪಕ್ಕದಲ್ಲಿ ಕೂರಬಹುದು, ಮಾತನಾಡುವಂತಿಲ್ಲ. ಮೊದಲ ಸಲ ತಾಂಡಾದಲ್ಲಿ ಪಾಠ ಹೇಳುವ ನಮ್ಮ ಕಾರ್ಯಕರ್ತೆಯೊಬ್ಬರು ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶದ ಮುಂದೆ ಕುಳಿತರು. ಪುಟದಲ್ಲಿ ‘ವೋಚರ್‌ಗಳನ್ನು ಎಂದಿನಂತೆ ನಮೂದಿಸಿ’ ಎಂದಿತ್ತು. ಅವರು ತಲೆ ಎತ್ತಿ, ‘ಎಂದಿನಂತೆ ಎಂದರೆ ಹೇಗೆ ಸರ್? ನಾನು ಎಂದೂ ಮಾಡಿಲ್ಲ’ ಎಂದರು. ಆ ಒಂದು ಪದವನ್ನು ನೋಟ್‌ಬುಕ್ಕಿನಿಂದ ಪೂರ್ತಿ ತೆಗೆಯಲು ನಮಗೆ ನಾಲ್ಕು ತಿಂಗಳು ಹಿಡಿಯಿತು. ಅದು ಇದ್ದಲ್ಲೆಲ್ಲ ಒಬ್ಬರಿಗೆ ಮಾತ್ರ ಗೊತ್ತಿರುವ ಏನೋ ಇತ್ತು.

ಕಡತಗಳ ಪ್ರತಿಯನ್ನು ಹಾರ್ಡ್ ಡಿಸ್ಕ್‌ಗೆ ಹಾಕಿ ಅದೇ ಮೇಜಿನ ಖಾನೆಯಲ್ಲಿಟ್ಟರೆ ಪ್ರಯೋಜನವಿಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಊರೂರಿಗೇ ನೀರು ನುಗ್ಗಿದ್ದನ್ನು ಈ ಭಾಗದವರು ಯಾರೂ ಮರೆತಿಲ್ಲ. ಒಂದು ಪ್ರತಿ ಬೇರೆ ಊರಿನಲ್ಲಿರಲಿ. ಮೂರು ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ನಾವು ಹಾಗೆ ತೆರೆದಾಗ ಹಳೆಯ ನಡಾವಳಿಗಳೆಲ್ಲ ಅರ್ಥವಿಲ್ಲದ ಚಿಹ್ನೆಗಳಾಗಿ ಕಂಡವು. ಎಲ್ಲ ಕಂಪ್ಯೂಟರ್‌ಗಳಲ್ಲೂ ಓದಲು ಬರುವ ಯುನಿಕೋಡ್ ನಮ್ಮಲ್ಲಿ ಬಳಕೆಗೆ ಬರುವ ಮೊದಲು, ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬರೆದ ಕಡತಗಳು ಅವು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಓದಲು ಬರುವುದಿಲ್ಲ. ಈಗ ಎಲ್ಲವನ್ನೂ ಯುನಿಕೋಡ್‌ಗೆ ಬದಲಿಸಿದ್ದೇವೆ. ಮಕ್ಕಳ ಹಾಜರಿಯನ್ನು ಮೊದಲು ಕಾಗದದ ಪುಸ್ತಕದಲ್ಲೇ ಬರೆಯುತ್ತೇವೆ, ಮೊಬೈಲ್‌ಗೆ ಹಾಕುವುದು ಆಮೇಲೆ.

ಜನರ ವಿಷಯಕ್ಕೆ ಬರುತ್ತೇನೆ, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಸಿಬ್ಬಂದಿ ಯಾವಾಗ ಕಡಿಮೆಯಾಗುತ್ತಾರೆ ಎಂಬುದು ನಮ್ಮ ಕಡೆ ಮೊದಲೇ ಗೊತ್ತಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ, ಏಪ್ರಿಲ್, ಮೇನಲ್ಲಿ ಮದುವೆಗಳು, ಮಳೆಗಾಲದ ಕೊನೆಗೆ ಹೊಳೆಯ ಕಾಟ. ಆ ವಾರಗಳಲ್ಲಿ ತರಬೇತಿಯನ್ನೋ ಲೆಕ್ಕ ತಪಾಸಣೆಯನ್ನೋ ಇಟ್ಟುಕೊಂಡು ಯಾರೂ ಬರಲಿಲ್ಲ ಎಂದು ಕೊರಗುವುದು ನ್ಯಾಯವಲ್ಲ. ಬಿಟ್ಟು ಹೋಗುವುದೂ ಹಾಗೆಯೇ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಭಾಗದ ಮಕ್ಕಳಿಗೆ ಸರ್ಕಾರಿ ನೌಕರಿಯಲ್ಲಿ ಮೀಸಲು ಸಿಕ್ಕಿದೆ. ನಾವು ಕೊಡುವ ಸಂಬಳದಲ್ಲಿ ಯಾರನ್ನಾದರೂ ಹಿಡಿದಿಟ್ಟುಕೊಳ್ಳುವುದು ತಪ್ಪೆಂದೇ ನನಗೆ ಅನ್ನಿಸುತ್ತದೆ. ಮೊದಲು ನಮ್ಮಲ್ಲಿ ಅರ್ಜಿ ಹಾಕುವವರು ಗುಟ್ಟಾಗಿ ಹಾಕುತ್ತಿದ್ದರು, ಕಾರ್ಯದರ್ಶಿ ಮುನಿಸಿಕೊಳ್ಳುತ್ತಾರೆ ಎಂಬ ಅಂಜಿಕೆ. ಆದೇಶ ಬಂದ ಎರಡೇ ದಿನಕ್ಕೆ ಹೊರಡುತ್ತಿದ್ದರು. ಈಗ ಪರೀಕ್ಷೆಗೆ ಓದಲು ರಜೆ ಕೊಡುತ್ತೇವೆ, ಸಭೆಯಲ್ಲೇ ಯಾರು ಯಾವ ಹುದ್ದೆಗೆ ಅರ್ಜಿ ಹಾಕಿದ್ದಾರೆ ಎಂದು ಮಾತಾಡುತ್ತೇವೆ. ಹೀಗೆ ಮೊದಲೇ ಗೊತ್ತಾಗುವುದರಿಂದ ಕೆಲಸ ಕಲಿಸಲು ನಮಗೆ ನಾಲ್ಕೈದು ತಿಂಗಳು ಸಿಗುತ್ತದೆ. ಹೋದವರೂ ದೂರವಾಗಿಲ್ಲ. ಅದೇ ಹುಡುಗ ಈಗಲೂ ದೀಪಾವಳಿ ರಜೆಯಲ್ಲಿ ಬಂದು ನಮ್ಮ ಕಂಪ್ಯೂಟರ್ ನೋಡಿಕೊಟ್ಟು ಹೋಗುತ್ತಾನೆ.

ನಿಮ್ಮಲ್ಲಿರುವ ಆ ಹೆಣ್ಣುಮಗಳ ಬಗ್ಗೆ ಒಂದು ಕಳಕಳಿ. ನಾಳೆ ಏಕಾಏಕಿ ಎಲ್ಲ ಪಾಸ್‌ವರ್ಡ್ ಬರೆದುಕೊಡಿ ಎಂದರೆ, ನನ್ನನ್ನು ತೆಗೆಯುತ್ತಾರೆ ಎಂದೇ ಅವರು ತಿಳಿಯುತ್ತಾರೆ. ಇಷ್ಟು ವರ್ಷ ಒಬ್ಬರೇ ಹೊತ್ತಿದ್ದಾರೆ, ಜ್ವರ ಬಂದ ದಿನವೂ ಅವರಿಗೇ ಫೋನ್ ಹೋಗಿರುತ್ತದೆ. ‘ನಿಮಗೆ ನೆಮ್ಮದಿಯಾಗಿ ಹತ್ತು ದಿನ ರಜೆ ಸಿಗಬೇಕು, ಅದಕ್ಕೆ ಏನೇನು ಮಾಡಬೇಕು ಹೇಳಿ’ ಎಂದು ಕೇಳಿ. ನೋಟ್‌ಬುಕ್ಕಿನ ಮೊದಲ ಪುಟವನ್ನು ಅವರೇ ಬರೆಯಲಿ. ಆ ಕೆಲಸ ಕಲಿಯುವ ಎರಡನೆಯವರು ನೀವೇ ಆಗಿ.