ಕೋಲ್ಟ್ 1911 ಪಿಸ್ತೂಲಿನ ಮೇಲೆ ಕೆಲವೊಮ್ಮೆ ರೆಮಿಂಗ್ಟನ್ ಮುದ್ರೆ ಇರುತ್ತದಲ್ಲ, ಅದು ನಕಲಿಯೇ?

ನಕಲಿ ಅಂತ ಮುದ್ರೆ ನೋಡಿಯೇ ತೀರ್ಮಾನಿಸಬೇಡಿ. ಈ ಪಿಸ್ತೂಲಿನ ವಿನ್ಯಾಸ ಜಾನ್ ಬ್ರೌನಿಂಗ್ ಅವರದು. ತಯಾರಿ ಶುರುವಾದದ್ದು ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿದ್ದ ಕೋಲ್ಟ್ ಕಾರ್ಖಾನೆಯಲ್ಲಿ. ಅಂತಿಮ ಪರೀಕ್ಷೆಯಲ್ಲಿ ಒಂದೇ ಪಿಸ್ತೂಲಿನಿಂದ 6,000 ಗುಂಡು ಹಾರಿಸಿದರು. ಕಾದು ಹೋದಾಗ ನೀರಿಗೆ ಅದ್ದಿ ತಣಿಸಿ ಮತ್ತೆ ಶುರು! ಆದರೂ ಒಮ್ಮೆಯೂ ಕೈಕೊಡಲಿಲ್ಲವೆಂದು ದಾಖಲೆ. 1911ರ ಮಾರ್ಚ್ 29ರಂದು ಅಮೆರಿಕದ ಸೇನೆ ಅದನ್ನು ಒಪ್ಪಿಕೊಂಡಿತು, 1912ರ ಜನವರಿಯಲ್ಲಿ ಮೊದಲ ಕಂತು ರವಾನೆಯಾಯಿತು.

1914ರಿಂದ ಸರ್ಕಾರದ್ದೇ ಆದ ಸ್ಪ್ರಿಂಗ್‌ಫೀಲ್ಡ್ ಆರ್ಮರಿಯೂ ತಯಾರಿಸತೊಡಗಿತು. 1917ರಲ್ಲಿ ಅಮೆರಿಕ ಮಹಾಯುದ್ಧಕ್ಕೆ ಇಳಿದಾಗ ಅಲ್ಲಿ ರೈಫಲ್‌ಗಳದ್ದೇ ಅವಸರ. ಇತ್ತ ಕೋಲ್ಟ್ ಒಂದರಿಂದಲೇ ಬೇಡಿಕೆ ಪೂರೈಸುವುದು ಆಗದ ಮಾತು. ಹಾಗಾಗಿ ಬೇರೆ ಕಂಪನಿಗಳಿಗೂ ಗುತ್ತಿಗೆ ಹೋಯಿತು. ಬ್ರಿಜ್‌ಪೋರ್ಟ್‌ನ ರೆಮಿಂಗ್ಟನ್-ಯುಎಂಸಿ ಸುಮಾರು 21,700 ಪಿಸ್ತೂಲು ಮಾಡಿತು, ನಿಮ್ಮ ಪ್ರಶ್ನೆಯ ಮುದ್ರೆ ಅದೇ. ಕೆನಡಾದ ನಾರ್ತ್ ಅಮೆರಿಕನ್ ಆರ್ಮ್ಸ್ ನೂರರಷ್ಟು ಮಾಡುವಷ್ಟರಲ್ಲಿ ಯುದ್ಧವೇ ಮುಗಿಯಿತು, ಸಂಗ್ರಾಹಕರು ಮುಗಿಬೀಳುವುದು ಅವಕ್ಕೇ.

ತೀರಾ ಆರಂಭದ ಪಿಸ್ತೂಲುಗಳಲ್ಲಿ ಮ್ಯಾಗಜೀನಿನ (ಗುಂಡು ತುಂಬುವ ಪೆಟ್ಟಿಗೆಯ) ತಳದಲ್ಲಿ ದಾರ ಕಟ್ಟುವ ಪುಟ್ಟ ಬಳೆ ಇರುತ್ತಿತ್ತು. ಕುದುರೆ ಸವಾರ ಮ್ಯಾಗಜೀನ್ ಬೀಳಿಸಿಕೊಳ್ಳದಿರಲಿ ಅಂತ.