ಬಾಣಲೆಯ ಎಣ್ಣೆಗೆ ಬೆಂಕಿ ಹೊತ್ತಿಕೊಂಡಾಗ ನೀರು ಸುರಿಯಬಾರದೇಕೆ?

ನೀರು ಎಣ್ಣೆಗಿಂತ ಹೆಚ್ಚು ಸಾಂದ್ರವಾದ್ದರಿಂದ ತಳಕ್ಕೆ ಇಳಿಯುತ್ತದೆ. ಅಲ್ಲಿ 300 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾದಿರುವ ಎಣ್ಣೆಯ ನಡುವೆ ಕ್ಷಣಮಾತ್ರದಲ್ಲಿ ಆವಿಯಾಗಿ, ಸುಮಾರು 1,700 ಪಟ್ಟು ಹಿಗ್ಗಿ, ಉರಿಯುತ್ತಿರುವ ಎಣ್ಣೆಯನ್ನು ಸಣ್ಣ ಹನಿಗಳಾಗಿ ಮೇಲಕ್ಕೆ ಚಿಮ್ಮಿಸುತ್ತದೆ. ಹೀಗೆ ಒಡೆದ ಎಣ್ಣೆಯು ಗಾಳಿಗೆ ತಾಗುವ ಮೇಲ್ಮೈ ಬಹಳ ಹೆಚ್ಚುವುದರಿಂದ, ಬಾಣಲೆಯಷ್ಟೇ ಅಗಲವಿದ್ದ ಜ್ವಾಲೆ ಚಾವಣಿಯನ್ನು ಮುಟ್ಟಬಲ್ಲದು.

ವಾಸ್ತವದಲ್ಲಿ ಉರಿಯುವುದು ದ್ರವರೂಪದ ಎಣ್ಣೆಯಲ್ಲ, ಅದರಿಂದ ಏಳುವ ಆವಿ. ಹೊಗೆಯಾಡತೊಡಗಿದ ಎಣ್ಣೆಯನ್ನು ಒಲೆಯ ಮೇಲೆಯೇ ಬಿಟ್ಟರೆ, ಕಿಡಿಯೇ ಇಲ್ಲದೆ ತಾನಾಗಿ ಹೊತ್ತಿಕೊಳ್ಳುವ ಉಷ್ಣತೆಯನ್ನು ಅದು ತಲುಪುತ್ತದೆ (ಆ ಹೊಗೆಯೇ ಮುನ್ಸೂಚನೆ, ಅಡುಗೆಯ ಗಡಿಬಿಡಿಯಲ್ಲಿ ಅದನ್ನು ಗಮನಿಸುವವರು ಕಡಿಮೆ). ಆದ್ದರಿಂದ ಒಲೆ ಆರಿಸಿ, ಲೋಹದ ಮುಚ್ಚಳವನ್ನು ಪಕ್ಕದಿಂದ ಸರಿಸಿ ಮುಚ್ಚಬೇಕು: ಒಳಗಿನ ಆಮ್ಲಜನಕ ಕುಗ್ಗಿ ಜ್ವಾಲೆ ನಿಲ್ಲುತ್ತದೆ. ಆದರೆ ಎಣ್ಣೆಯ ಕಾವು ಹಾಗೆಯೇ ಉಳಿದಿರುವುದರಿಂದ, ಅವಸರದಲ್ಲಿ ಮುಚ್ಚಳ ತೆಗೆದರೆ ಗಾಳಿ ಸಿಕ್ಕೊಡನೆ ಬೆಂಕಿ ಮರುಕಳಿಸಬಹುದು.

ಹೋಟೆಲುಗಳ ಅಡುಗೆಮನೆಗೆಂದೇ ಪೊಟ್ಯಾಸಿಯಂ ಲವಣಗಳ ದ್ರಾವಣವಿರುವ ಅಗ್ನಿಶಾಮಕಗಳಿವೆ. ಆ ದ್ರಾವಣವು ಬಿಸಿ ಎಣ್ಣೆಯೊಂದಿಗೆ ವರ್ತಿಸಿ ಮೇಲ್ಮೈಯಲ್ಲಿ ಸಾಬೂನಿನ ನೊರೆಪದರ ಕಟ್ಟಿ, ಆವಿ ಏಳದಂತೆ ತಡೆಯುವುದರ ಜೊತೆಗೆ ಎಣ್ಣೆಯನ್ನು ತಣಿಸುತ್ತದೆ.