ಕೇಳಿ ನೋಡಿ: ಪ್ಲಗ್ ತೆಗೀಬೇಕಾ, ಬಿಡಬೇಕಾ?

ಏಪ್ರಿಲ್ ಬಂತೆಂದರೆ ನಮಗೆ ಬರುವ ಪತ್ರಗಳಲ್ಲಿ ಬ್ಯಾಟರಿಯದ್ದೇ ದರ್ಬಾರು. ಈ ಸಲವೂ ಹಾಗೇ ಆಗಿದೆ. ಪ್ರಿಂಟರ್, ವೈಫೈ ಪ್ರಶ್ನೆ ಕಳಿಸಿದವರು ಮುಂದಿನ ಸಂಚಿಕೆವರೆಗೆ ಸ್ವಲ್ಪ ತಾಳಿ.

ಪ್ರಶ್ನೆ: ಸರ್, ನಾನು ದಾವಣಗೆರೆಯಲ್ಲಿ ಬಿ.ಇ. ಓದುತ್ತಿದ್ದೇನೆ. ಹಾಸ್ಟೆಲ್‌ನಲ್ಲಿ ಲ್ಯಾಪ್‌ಟಾಪ್ ಯಾವಾಗಲೂ ಚಾರ್ಜಿಗೇ ಹಾಕಿರುತ್ತದೆ. "ತಿಂಗಳಿಗೊಮ್ಮೆ ಪೂರ್ತಿ ಖಾಲಿ ಮಾಡಿ ಆಮೇಲೆ ನೂರಕ್ಕೆ ತುಂಬಿಸು, ಇಲ್ಲಾಂದ್ರೆ ಬ್ಯಾಟರಿ ತನ್ನ ತಾಕತ್ತು ಮರೆತುಬಿಡುತ್ತೆ" ಅಂತಾರೆ ಸೀನಿಯರ್‌ಗಳು. ರೂಮ್‌ಮೇಟ್ ಹೇಳೋದೇ ಬೇರೆ, "ನೂರಾದ ತಕ್ಷಣ ಕಿತ್ತುಬಿಡು, ಓವರ್‌ಚಾರ್ಜ್ ಆಗುತ್ತೆ" ಅಂತಾಳೆ. ಯಾರ ಮಾತು ಕೇಳಲಿ?

ಉತ್ತರ: ಸೀನಿಯರ್‌ಗಳ ಮಾತನ್ನು ಪೂರ್ತಿ ಬಿಡಮ್ಮ. ಆ ಮರೆವಿನ ಕಥೆ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳದ್ದು. ನಿನ್ನ ಲ್ಯಾಪ್‌ಟಾಪ್‌ನಲ್ಲಿ ಇರುವುದು ಲಿಥಿಯಂ-ಅಯಾನ್, ಸೋನಿ ಕಂಪನಿ ಅದನ್ನು ಮೊದಲು ಮಾರುಕಟ್ಟೆಗೆ ತಂದಿದ್ದು 1991ರಲ್ಲಿ. ಅಂದರೆ ಆ ಸಲಹೆ ನಿನ್ನ ಸೀನಿಯರ್‌ಗಳು ಹುಟ್ಟೋಕೆ ಮೊದಲೇ ಹಳತಾಗಿತ್ತು, ಆದರೂ ಹಾಸ್ಟೆಲ್‌ನಿಂದ ಹಾಸ್ಟೆಲ್‌ಗೆ ದಾಟಿಕೊಂಡು ಬರುತ್ತಾ ಇದೆ. ಲಿಥಿಯಂಗೆ ಮರೆವಿನ ಕಾಯಿಲೆ ಇಲ್ಲ. ಪದೇ ಪದೇ ಸೊನ್ನೆಗೆ ಇಳಿಸಿದರೆ ಅದಕ್ಕೆ ನಷ್ಟವೇ. ಶೇ. 30 ಅಂತ ತೋರಿಸುತ್ತಲೇ ಗಪ್ಪಂತ ಆಫ್ ಆಗುವ ಲ್ಯಾಪ್‌ಟಾಪ್ ಇದ್ದರೆ ಮಾತ್ರ ಒಮ್ಮೆ ಖಾಲಿ ಮಾಡಿ ತುಂಬಿಸಬಹುದು. ಅದರಿಂದ ಅಳತೆ ಸರಿಹೋಗಬಹುದೇ ಹೊರತು ಬ್ಯಾಟರಿಗೆ ಹೊಸ ಶಕ್ತಿಯೇನೂ ಬರೋದಿಲ್ಲ.

ರೂಮ್‌ಮೇಟ್ ಹೇಳಿದ್ದರಲ್ಲಿ ಅರ್ಧ ಸರಿ. ಓವರ್‌ಚಾರ್ಜ್ ಆಗೋದಿಲ್ಲ, ಯಾಕಂದರೆ ತುಂಬಿದ ಮೇಲೆ ಒಳಗಿನ ಸರ್ಕ್ಯೂಟ್ ಚಾರ್ಜ್ ನಿಲ್ಲಿಸುತ್ತದೆ, ಲ್ಯಾಪ್‌ಟಾಪ್ ನೇರವಾಗಿ ಅಡಾಪ್ಟರ್‌ನ ಕರೆಂಟಿನಲ್ಲಿ ಓಡುತ್ತದೆ. ತೊಂದರೆ ಇರೋದು ನೂರರಲ್ಲೇ ಕೂತಿರೋದರಲ್ಲಿ. ಪೂರ್ತಿ ತುಂಬಿದಾಗ ಒಂದೊಂದು ಸೆಲ್‌ನಲ್ಲೂ ಸುಮಾರು 4.2 ವೋಲ್ಟ್ ಇರುತ್ತದೆ. ಆ ವೋಲ್ಟೇಜ್‌ನಲ್ಲಿ ಒಳಗಿನ ದ್ರವ ನಿಧಾನವಾಗಿ ಕೆಡುತ್ತಾ ಹೋಗುತ್ತದೆ, ಕೆಟ್ಟದ್ದು ಪದರವಾಗಿ ಅಂಟಿಕೊಳ್ಳುತ್ತದೆ, ಓಡಾಡಬೇಕಾದ ಲಿಥಿಯಂ ಅದರೊಳಗೆ ಸಿಕ್ಕಿಬೀಳುತ್ತದೆ. ನೀನು ಬಳಸದೆ ಸುಮ್ನೆ ಇಟ್ಟಿದ್ದರೂ ಇದು ನಡೆಯುತ್ತಲೇ ಇರುತ್ತದೆ. ಬಿಸಿ ಇದ್ದರಂತೂ ಇನ್ನೂ ಜೋರು.

ಹಾಗಾಗಿ ಪ್ಲಗ್ ಹಾಕಿ ಕೀಳುವ ಕೆಲಸ ಲ್ಯಾಪ್‌ಟಾಪ್‌ಗೇ ಬಿಡು. ಲೆನೊವೊದಲ್ಲಿ ವ್ಯಾಂಟೇಜ್ ಆ್ಯಪ್ ಒಳಗೆ ಕನ್ಸರ್ವೇಶನ್ ಮೋಡ್ ಅಂತ ಇದೆ, ಏಸುಸ್‌ನಲ್ಲಿ ಮೈಏಸುಸ್ ಒಳಗೆ ಬ್ಯಾಟರಿ ಕೇರ್, ಕೆಲವು ಎಚ್‌ಪಿಗಳಲ್ಲಿ ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್ಸ್) ಹುಡುಕಬೇಕು, ಡೆಲ್‌ನಲ್ಲೂ ಇದೆ. ಹೆಸರು ಯಾವುದೇ ಇರಲಿ, ಕೆಲಸ ಒಂದೇ: ಶೇ. 80ರ ಆಸುಪಾಸಿಗೆ ಚಾರ್ಜ್ ನಿಲ್ಲಿಸುವುದು. ಅದನ್ನು ಆನ್ ಮಾಡಿ ಪ್ಲಗ್ ಹಾಕಿಯೇ ಓದಿಕೋ. ನಾಳೆ ಲ್ಯಾಬ್ ಪರೀಕ್ಷೆ ಇದೆ, ಅಥವಾ ಬೆಸ್ಕಾಂನವರು ದಿನವಿಡೀ ಕರೆಂಟ್ ಇರಲ್ಲ ಅಂತ ಹೇಳಿದ್ದಾರೆ, ಅಂಥ ದಿನ ಧಾರಾಳವಾಗಿ ನೂರಕ್ಕೆ ತುಂಬಿಸು. ಬ್ಯಾಟರಿ ಇರೋದೇ ಅದಕ್ಕಲ್ವಾ? ಅದನ್ನು ಕಾಯೋದೇ ಒಂದು ಕಸುಬಾಗಬಾರದು.

ಪ್ರಶ್ನೆ: ಆಗಾಗ ಸ್ವಲ್ಪ ಸ್ವಲ್ಪ ಚಾರ್ಜ್ ಮಾಡಿದರೆ ಸೈಕಲ್ ಜಾಸ್ತಿ ಆಗಿ ಬ್ಯಾಟರಿ ಬೇಗ ಹೋಗುತ್ತದಂತೆ, ನಿಜವೇ? (ಹರಿಹರದಿಂದ)

ಉತ್ತರ: ಇಲ್ಲ. ಪ್ಲಗ್ ಎಷ್ಟು ಸಲ ಹಾಕಿದಿರಿ ಅನ್ನೋದು ಲೆಕ್ಕಕ್ಕೆ ಬರೋದಿಲ್ಲ. ಇವತ್ತು ಅರ್ಧ, ನಾಳೆ ಅರ್ಧ ಬಳಸಿದರೆ ಎರಡೂ ಸೇರಿ ಒಂದು ಸೈಕಲ್. ಈಗಿನ ಮ್ಯಾಕ್‌ಬುಕ್‌ಗಳ ಬ್ಯಾಟರಿಗೆ ಆ್ಯಪಲ್ 1000 ಸೈಕಲ್‌ನ ಆಯಸ್ಸು ಹೇಳುತ್ತದೆ. ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ 300ರಿಂದ 500 ಅಂದುಕೊಳ್ಳಿ.

ಪ್ರಶ್ನೆ: ನಮಸ್ಕಾರ ಸಾರ್. ಚಳ್ಳಕೆರೆಯಲ್ಲಿ ಒಂದು ಎಣ್ಣೆ ಮಿಲ್‌ನ ಲೆಕ್ಕ ಬರೆಯುತ್ತೇನೆ. ಆಫೀಸಿಗೆ ತಗಡಿನ ಶೀಟು. ಲ್ಯಾಪ್‌ಟಾಪ್ ತಗೊಂಡು ಎರಡು ವರ್ಷ ಆಯಿತು, ನಾಲ್ಕು ಗಂಟೆ ಬರುತ್ತಿದ್ದ ಬ್ಯಾಟರಿ ಈಗ ಒಂದೂವರೆ ಗಂಟೆಗೆ ಕೈ ಎತ್ತುತ್ತದೆ. ಹೊಸದು ಹಾಕಿಸಬೇಕೆ? ಅಂಗಡಿಯವರು ನೋಡದೇನೇ "ಹೋಗಿದೆ" ಅಂತಾರೆ.

ಉತ್ತರ: ಅಂಗಡಿಗೆ ಹೋಗುವ ಮೊದಲು ನೀವೇ ನೋಡಿಬಿಡಿ ಅಣ್ಣಾ, ಎರಡು ನಿಮಿಷದ ಕೆಲಸ. ವಿಂಡೋಸ್‌ನ ಸ್ಟಾರ್ಟ್‌ನಲ್ಲಿ ಹುಡುಕಿ ಕಮಾಂಡ್ ಪ್ರಾಂಪ್ಟ್ (ಆಜ್ಞೆ ಬರೆಯುವ ಕಪ್ಪು ಕಿಟಕಿ) ತೆರೆಯಿರಿ. ಇಂಗ್ಲಿಷಿನಲ್ಲಿ ಪವರ್ ಅಂತ ಬರೆದು, ಜಾಗ ಬಿಡದೆ ಸಿ, ಎಫ್, ಜಿ ಸೇರಿಸಿ. ಆಮೇಲೆ ಒಂದು ಜಾಗ ಬಿಟ್ಟು ಪ್ರಶ್ನಾರ್ಥಕ ಚಿಹ್ನೆಯ ಕೀಲಿಯಲ್ಲೇ ಇರುವ ಓರೆಗೆರೆ ಹಾಕಿ. ಅದಕ್ಕೆ ಅಂಟಿಸಿಯೇ ಬ್ಯಾಟರಿರಿಪೋರ್ಟ್ ಅಂತ ಒಂದೇ ಪದವಾಗಿ ಬರೆದು ಎಂಟರ್ ಒತ್ತಿ. ವರದಿ ಯಾವ ಫೋಲ್ಡರ್‌ನಲ್ಲಿ ಕೂತಿದೆ ಅಂತ ಅದೇ ಹೇಳುತ್ತದೆ. ತೆರೆದರೆ ಡಿಸೈನ್ ಕೆಪಾಸಿಟಿ, ಅದರ ಕೆಳಗೆ ಫುಲ್ ಚಾರ್ಜ್ ಕೆಪಾಸಿಟಿ ಅಂತ ಎರಡು ಅಂಕಿ ಕಾಣುತ್ತವೆ. ಮೊದಲನೆಯದು ಹೊಸದಿದ್ದಾಗಿನ ತಾಕತ್ತು, ಎರಡನೆಯದು ಈಗ ಉಳಿದಿರೋದು. ಉದಾಹರಣೆಗೆ 42,000 ಇದ್ದದ್ದು 27,300ಕ್ಕೆ ಬಂದಿದ್ದರೆ ಶೇ. 65 ಉಳಿದಿದೆ ಅಂತ. ಲೆಕ್ಕದವರಿಗೆ ನಾನು ಲೆಕ್ಕ ಹೇಳಿಕೊಡಬೇಕಾಗಿಲ್ಲ ಬಿಡಿ.

ಈಗ ನಿಮ್ಮ ಸಂಗತಿಗೆ ಬರೋಣ. ತಾಕತ್ತು ಶೇ. 65 ಉಳಿದಿದ್ದರೆ ನಾಲ್ಕು ಗಂಟೆಯದ್ದು ಎರಡೂವರೆ ಗಂಟೆಯಾದರೂ ಬರಬೇಕು. ಒಂದೂವರೆಗೇ ನಿಲ್ಲುತ್ತಿದೆ ಅಂದರೆ ಬ್ಯಾಟರಿಯ ಜೊತೆ ಇನ್ನೊಂದು ಕಳ್ಳನೂ ಇದ್ದಾನೆ. ಫ್ಯಾನ್‌ನೊಳಗೆ ಧೂಳು ತುಂಬಿರಬಹುದು, ಸ್ಕ್ರೀನ್ ಬೆಳಕು ಪೂರ್ತಿ ಇರಬಹುದು, ಬ್ರೌಸರ್‌ನಲ್ಲಿ ಹತ್ತಾರು ಟ್ಯಾಬ್ ತೆರೆದಿರಬಹುದು. ಮೊದಲು ಫ್ಯಾನ್ ಕ್ಲೀನ್ ಮಾಡಿಸಿ, ಅದಕ್ಕೆ ಖರ್ಚು ಕಡಿಮೆ. ಅಂಕಿ ಅರ್ಧಕ್ಕಿಂತ ಕೆಳಗೆ ಹೋಗಿದ್ದರೆ ಬ್ಯಾಟರಿ ಬದಲಿಸಿ.

ಆದರೆ ತಗಡಿನ ಶೀಟಿನ ಕೆಳಗೆ ಹೊಸ ಬ್ಯಾಟರಿಯ ಗತಿಯೂ ಇದೇ. ಲ್ಯಾಪ್‌ಟಾಪ್ ಬಳಸಲು ಆ್ಯಪಲ್ ಹೇಳುವ ವಾತಾವರಣ 10ರಿಂದ 35 ಡಿಗ್ರಿ. ಬೇರೆ ಕಂಪನಿಗಳ ಬ್ಯಾಟರಿಯ ಒಳಗೂ ಇರೋದು ಅದೇ ಲಿಥಿಯಂ. ನಿಮ್ಮಲ್ಲಿ ಏಪ್ರಿಲ್, ಮೇನಲ್ಲಿ ಹೊರಗಿನ ಬಿಸಿಲೇ ಅದನ್ನು ದಾಟುತ್ತದೆ, ತಗಡಿನ ಕೆಳಗೆ ಕೇಳೋದೇ ಬೇಡ. ಮಧ್ಯಾಹ್ನದ ಹೊತ್ತು ಚಾರ್ಜ್ ಬೇಡ, ಬೆಳಿಗ್ಗೆ ಬಂದ ಕೂಡಲೇ ಮುಗಿಸಿ. ಟೇಬಲ್ ಫ್ಯಾನ್ ಗಾಳಿ ನಿಮ್ಮ ಜೊತೆಗೆ ಅದಕ್ಕೂ ಸ್ವಲ್ಪ ತಾಗಲಿ. ಹಿಂದೆ ಎರಡು ಕಾಲು ಎತ್ತರಿಸಿದರೆ ಕೆಳಗೆ ಗಾಳಿ ಆಡುತ್ತದೆ, ಹಳೇ ಬಾಟಲಿಯ ಎರಡು ಮುಚ್ಚಳ ಸಾಕು, ಸ್ಟ್ಯಾಂಡ್ ಏನೂ ಬೇಡ. ಸ್ಕೂಟರ್ ಡಿಕ್ಕಿಯಲ್ಲಿಟ್ಟು ಬಿಸಿಲಲ್ಲಿ ನಿಲ್ಲಿಸಿ ಬ್ಯಾಂಕಿಗೆ ಹೋಗೋದನ್ನಂತೂ ಬಿಟ್ಟೇಬಿಡಿ.

ಪ್ರಶ್ನೆ: ಹೊಳಲ್ಕೆರೆ ಹತ್ತಿರದ ಶಾಲೆಯೊಂದರ ಶಿಕ್ಷಕಿ ನಾನು. ಒಂದು ವಾರದಿಂದ ಲ್ಯಾಪ್‌ಟಾಪ್‌ನ ಟಚ್‌ಪ್ಯಾಡ್ ಕ್ಲಿಕ್ ಆಗುತ್ತಿಲ್ಲ, ಆ ಜಾಗ ದಿಂಬಿನ ತರ ಮೇಲೆ ಎದ್ದಿದೆ, ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಮೇಲೆ ಭಾರ ಇಟ್ಟರೆ ಸರಿ ಹೋಗುತ್ತದಾ?

ಉತ್ತರ: ಭಾರ ಇಡಬೇಡಿ ಮೇಡಂ, ಇದನ್ನು ಓದಿದ ಕೂಡಲೇ ಚಾರ್ಜರ್ ಕಿತ್ತು ಲ್ಯಾಪ್‌ಟಾಪ್ ಆಫ್ ಮಾಡಿ. ಟಚ್‌ಪ್ಯಾಡ್ ಕೆಟ್ಟಿಲ್ಲ, ಅದರ ಕೆಳಗಿನ ಬ್ಯಾಟರಿ ಉಬ್ಬಿದೆ. ಒಳಗಿನ ದ್ರವ ಕೆಟ್ಟು ಅನಿಲ ಆಗಿ ಪೊಟ್ಟಣದೊಳಗೆ ತುಂಬಿಕೊಂಡಿದೆ. ಒತ್ತಿದರೆ, ಚುಚ್ಚಿದರೆ, ಬಗ್ಗಿಸಿದರೆ ಒಳಗೇ ಶಾರ್ಟ್ ಆಗಿ ಹೊತ್ತಿಕೊಳ್ಳಬಹುದು. ಪಿನ್ ಚುಚ್ಚಿ ಗಾಳಿ ಬಿಡುವ ವಿಡಿಯೊ ಯಾರಾದರೂ ತೋರಿಸಿದರೆ ಅವರಿಗೂ ಬೈಯಿರಿ. ಮಕ್ಕಳ ಕೈಗೆ ಸಿಗದ ಕಡೆ, ಹಾಸಿಗೆ, ಕಾಗದ, ಪರದೆ ಇಲ್ಲದ ಕಡೆ, ಕಲ್ಲಿನ ನೆಲದ ಮೇಲೆ ಇಟ್ಟು ಕಂಪನಿಯ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿ. ಫೈಲುಗಳ ಚಿಂತೆ ಬೇಡ, ಅವು ಡಿಸ್ಕ್‌ನಲ್ಲಿ ಹಾಗೇ ಇರುತ್ತವೆ.

ತೆಗೆಸಿದ ಬ್ಯಾಟರಿಯನ್ನು ಗುಜರಿಗೂ ಹಾಕಬೇಡಿ, ಕಸದ ಗಾಡಿಗೂ ಹಾಕಬೇಡಿ. ಬ್ಯಾಟರಿಯ ಮೇಲೆ ಕಸದ ಡಬ್ಬಿಗೆ ಅಡ್ಡಗೀಟು ಎಳೆದ ಚಿತ್ರ ಇರುತ್ತದೆ ನೋಡಿ, ಅದರ ಅರ್ಥವೇ ಇದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಹಳೇ ಬ್ಯಾಟರಿ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ಬ್ಯಾಟರಿ ಮಾಡುವವರದ್ದು, ಆಮದು ಮಾಡುವವರದ್ದು. ಸರ್ವಿಸ್ ಸೆಂಟರ್‌ನಲ್ಲೇ ಕೊಟ್ಟು ಬನ್ನಿ.

ಪ್ರಶ್ನೆ: ಕಂಪನಿ ಬ್ಯಾಟರಿಗೆ ರೇಟು ಜಾಸ್ತಿ, ಅಂಗಡಿಯಲ್ಲಿ "ಕಂಪ್ಯಾಟಿಬಲ್" ಅಂತ ಅರ್ಧ ಬೆಲೆಗೆ ಕೊಡುತ್ತಾರೆ. ಹಾಕಿಸಬಹುದಾ? (ವಿನೋಬನಗರ, ದಾವಣಗೆರೆ)

ಉತ್ತರ: ನೋಡಿ ತಗೊಂಡರೆ ಹಾಕಿಸಬಹುದು. ಹಳೇ ಬ್ಯಾಟರಿಯ ಮೇಲಿನ ಪಾರ್ಟ್ ನಂಬರ್, ವೋಲ್ಟ್, ವ್ಯಾಟ್-ಅವರ್ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಂಡು ಹೋಗಿ ಹೊಂದಿಸಿ. ಹೊಸದರ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ಐಎಸ್ 16046 ಅನ್ನುವ ಅಂಕಿ, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇಲ್ಲದಿದ್ದರೆ ಅರ್ಧ ಬೆಲೆಗೆ ಅಲ್ಲ, ಪುಕ್ಕಟೆ ಕೊಟ್ಟರೂ ಬೇಡ. ತಯಾರಾದ ತಿಂಗಳು ನೋಡಿ, ಗೋಡೌನ್‌ನಲ್ಲಿ ಮೂರು ವರ್ಷ ಮಲಗಿದ "ಹೊಸ" ಬ್ಯಾಟರಿಗೂ ವಯಸ್ಸಾಗಿರುತ್ತದೆ. ಹಾಕಿಸಿದ ಮೇಲೆ ಒಮ್ಮೆ ಪೂರ್ತಿ ಚಾರ್ಜ್ ಮಾಡಿ, ಚಳ್ಳಕೆರೆಯವರಿಗೆ ಹೇಳಿದ ವರದಿಯನ್ನು ಅಂಗಡಿಯಲ್ಲೇ ನಿಂತು ತೆಗೆಯಿರಿ. ಎರಡು ಅಂಕಿಗಳ ನಡುವೆ ತುಂಬಾ ಅಂತರ ಇದ್ದರೆ ಅಲ್ಲೇ ವಾಪಸ್ ಕೊಟ್ಟುಬಿಡಿ, ಮನೆಗೆ ಬಂದ ಮೇಲೆ ಯಾರೂ ಕೇಳೋದಿಲ್ಲ.

ಪ್ರಶ್ನೆ: ಶೇ. 80ಕ್ಕೆ ನಿಲ್ಲಿಸುವ ಈ ಉಪಾಯ ಮನೆಯ ಇನ್ವರ್ಟರ್ ಬ್ಯಾಟರಿಗೂ ಆಗುತ್ತಾ? (ಚಿತ್ರದುರ್ಗ)

ಉತ್ತರ: ಬೇಡವೇ ಬೇಡ. ನೀರು ಹಾಕುವ ಆ ದೊಡ್ಡ ಬ್ಯಾಟರಿ ಸೀಸ-ಆಮ್ಲದ್ದು, ಅದರ ಸ್ವಭಾವ ಪೂರ್ತಿ ಉಲ್ಟಾ. ಅರ್ಧಂಬರ್ಧ ಚಾರ್ಜ್‌ನಲ್ಲಿ ಬಿಟ್ಟರೆ ಪ್ಲೇಟ್‌ಗಳ ಮೇಲೆ ಬಿಳಿ ಹರಳು ಕಟ್ಟಿ ಹಾಳಾಗುತ್ತದೆ. ಅದನ್ನು ಯಾವಾಗಲೂ ತುಂಬಿಸಿಯೇ ಇಡಿ, ಬೇಸಿಗೆಯಲ್ಲಿ ನೀರು ಬೇಗ ಇಳಿಯುತ್ತದೆ, ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಬೋರ್‌ವೆಲ್ ನೀರು ಬೇಡ.

ಪ್ರಶ್ನೆ: ರಜೆಗೆ ಎರಡು ತಿಂಗಳು ಊರಿಗೆ ಹೋಗುತ್ತೇನೆ, ಲ್ಯಾಪ್‌ಟಾಪ್ ರೂಮಿನಲ್ಲೇ ಇರುತ್ತದೆ. ತುಂಬಿಸಿ ಇಡಲಾ, ಖಾಲಿ ಮಾಡಿ ಇಡಲಾ?

ಉತ್ತರ: ಅರ್ಧಕ್ಕೆ ತಂದು, ಸ್ಲೀಪ್‌ಗೆ ಹಾಕದೆ ಪೂರ್ತಿ ಶಟ್‌ಡೌನ್ ಮಾಡಿ, ಬಿಸಿಲು ಬೀಳದ ಕಪಾಟಿನಲ್ಲಿ ಇಡು. ಚಾರ್ಜರ್ ಮಾತ್ರ ಜೊತೆಗೆ ತಗೊಂಡು ಹೋಗು, ಹಾಸ್ಟೆಲ್‌ನಲ್ಲಿ ಅದಕ್ಕೆ ಕಾಲು ಬರುತ್ತದೆ.